ಬಿಎಚ್‌ಟಿ ಹಾಕಿರೋ ಟಿಎಚ್‌ಎಫ್, 2.5 ಲೀಟರ್ ಕಂದು ಬಾಟಲಿ: ಒಳಗಿರೋದಕ್ಕೆ ನಾಲ್ಕೂವರೆ ಸ್ಟಾರ್, ಲೇಬಲ್‌ಗೆ ಎರಡೇ

ಟಿಎಚ್‌ಎಫ್ ಅಂದ್ರೆ ಟೆಟ್ರಾಹೈಡ್ರೋಫ್ಯೂರಾನ್, ಸಿಎಎಸ್ ನಂಬರ್ (ರಾಸಾಯನಿಕಗಳ ಗುರುತಿನ ಸಂಖ್ಯೆ) 109-99-9, ಲ್ಯಾಬಲ್ಲಿ ಬಳಸೋ ಒಂದು ಸಾಲ್ವೆಂಟ್, ಅಂದ್ರೆ ದ್ರಾವಕ. ಬಿಎಚ್‌ಟಿ ಅನ್ನೋದು ಅದು ಕೆಡದ ಹಾಗೆ ಹಾಕೋ ಸ್ಟೆಬಿಲೈಸರ್. ಆರ್ಗ್ಯಾನಿಕ್ ಕೆಮಿಸ್ಟ್ರಿ ಅಥವಾ ಪಾಲಿಮರ್ ಲ್ಯಾಬಲ್ಲಿ ಇರೋರಿಗೆ ಇದನ್ನ ಪರಿಚಯ ಮಾಡಿಸೋ ಅಗತ್ಯ ಇಲ್ಲ. ಆದ್ರೂ ರಿವ್ಯೂ ಬರೀತಿರೋದು ಯಾಕಂದ್ರೆ ಸಾಲ್ವೆಂಟ್ ಆರ್ಡರ್ ಮಾಡೋವಾಗ ನಾವೆಲ್ಲ ನೋಡೋದು ಪ್ಯೂರಿಟಿ ಎಷ್ಟು, ನೀರಿನಂಶ ಎಷ್ಟು, ರೇಟು ಎಷ್ಟು ಅಷ್ಟೇ, ಮುಚ್ಚಳ ತೆಗೆದ ದಿನದಿಂದ ಇದು ನಿಧಾನಕ್ಕೆ ಬೇರೇನೇ ಸರಕಾಗ್ತಾ ಹೋಗುತ್ತೆ ಅನ್ನೋದು ಕ್ಯಾಟಲಾಗಲ್ಲಿ ಎದ್ದು ಕಾಣೋ ಹಾಗೆ ಎಲ್ಲೂ ಇರಲ್ಲ. ಸಪ್ಲೈಯರ್ ಹೆಸರು ಹೇಳಲ್ಲ, ಯಾಕಂದ್ರೆ ನಾನು ಹೇಳೋ ತಕರಾರು ಒಬ್ಬರದ್ದಲ್ಲ, ಸುಮಾರು ಎಲ್ಲ ಬಾಟಲಿಗಳದ್ದೂ ಇದೇ ಕಥೆ.

ಮೊದಲು ಒಳ್ಳೇದು ಹೇಳಿಬಿಡ್ತೀನಿ. ಸಾಲ್ವೆಂಟ್ ಆಗಿ ಇದಕ್ಕೆ ಸರಿಸಾಟಿ ಕಮ್ಮಿ. ನೀರಲ್ಲೂ ಪೂರ್ತಿ ಬೆರೆಯುತ್ತೆ, ಹೆಕ್ಸೇನಲ್ಲೂ ಬೆರೆಯುತ್ತೆ, ಗ್ರಿನ್ಯಾರ್ಡ್ ರಿಯಾಕ್ಷನ್ ಮಾಡೋರಿಗೂ ಬೇಕು, ಲಿಥಿಯಂ ಅಲ್ಯುಮಿನಿಯಂ ಹೈಡ್ರೈಡ್ ಹಾಕೋರಿಗೂ ಬೇಕು, ಜಿಪಿಸಿಯಲ್ಲಿ (ಪಾಲಿಮರ್ ಅಣುಗಳನ್ನ ಗಾತ್ರದ ಪ್ರಕಾರ ಬೇರ್ಪಡಿಸೋ ಯಂತ್ರ) ಪಾಲಿಸ್ಟೈರೀನ್ ಓಡಿಸೋರಿಗಂತೂ ಇದಿಲ್ದೆ ಕೆಲಸವೇ ಸಾಗಲ್ಲ. ಕುದಿಯೋದು 66 ಡಿಗ್ರಿ ಸೆಲ್ಸಿಯಸ್‌ಗೆ, ಅಂದ್ರೆ ರಿಫ್ಲಕ್ಸ್ (ಆವಿ ತಣಿಸಿ ವಾಪಸ್ ಬೀಳಿಸ್ತಾ ಕುದಿಸೋದು) ಮಾಡೋಕೆ ಸಾಕಷ್ಟು ಬಿಸಿ, ಆಮೇಲೆ ರೋಟಾವೇಪಲ್ಲಿ (ಒತ್ತಡ ಇಳಿಸಿ ಸಾಲ್ವೆಂಟನ್ನ ಆವಿ ಮಾಡೋ ಯಂತ್ರ) ತೆಗೆಯೋದೂ ಸುಲಭ. ಘನವಾಗೋದು ಮೈನಸ್ 108ಕ್ಕೆ, ಹಾಗಾಗಿ ಮೈನಸ್ 78ರ ಡ್ರೈ ಐಸ್ ಬಾತಲ್ಲೂ ಆರಾಮಾಗಿ ದ್ರವವಾಗೇ ಇರುತ್ತೆ. ಬಂದ ಬಾಟಲಿ ಸ್ವಚ್ಛ, ಬಣ್ಣ ಇಲ್ಲ, ಅನಾಲಿಸಿಸ್ ಸರ್ಟಿಫಿಕೇಟಲ್ಲಿ ಬರೆದಿದ್ದಕ್ಕೂ ನಮ್ಮ ಕಾರ್ಲ್ ಫಿಶರ್ (ನೀರಿನಂಶ ಅಳೆಯೋ ಟೆಸ್ಟ್) ರೀಡಿಂಗಿಗೂ ತಾಳೆ ಆಯ್ತು. ಕಂದು ಗಾಜು ಗಟ್ಟಿಯಾಗಿದೆ, ಮುಚ್ಚಳದ ಒಳಗೆ ಪಿಟಿಎಫ್‌ಇ (ಟೆಫ್ಲಾನ್) ಪದರ ಇದೆ, ಇದು ಮುಖ್ಯ, ಯಾಕಂದ್ರೆ ಟಿಎಚ್‌ಎಫ್ ಸಿಕ್ಕಿದ ಪ್ಲಾಸ್ಟಿಕ್ಕನ್ನೆಲ್ಲ ಉಬ್ಬಿಸಿಬಿಡುತ್ತೆ ಇಲ್ಲಾ ಕರಗಿಸಿಬಿಡುತ್ತೆ. ಪಿವಿಸಿ ಪೈಪ್ ಅಂಟಿಸೋ ಸಿಮೆಂಟಲ್ಲಿ ಹಾಕೋದೇ ಇದನ್ನ. ವೈಟಾನ್ ಓ-ರಿಂಗ್ ಊದಿಕೊಳ್ಳುತ್ತೆ, ಎಚ್‌ಪಿಎಲ್‌ಸಿಯ (ಮಿಶ್ರಣ ಬೇರ್ಪಡಿಸಿ ಅಳೆಯೋ ಯಂತ್ರ) ಪೀಕ್ ಅನ್ನೋ ಪ್ಲಾಸ್ಟಿಕ್ ಟ್ಯೂಬಿಂಗ್ ಕೂಡ ಇದರ ಜೊತೆ ಒಗ್ಗಲ್ಲ, ಸ್ಟೀಲ್ ಟ್ಯೂಬಿಂಗ್ ಹಾಕ್ಬೇಕು.

ಈಗ ನಿಜವಾದ ವಿಷಯಕ್ಕೆ ಬರ್ತೀನಿ, ಪೆರಾಕ್ಸೈಡ್.

ಟಿಎಚ್‌ಎಫ್ ಈಥರ್ ಜಾತಿ. ಆಕ್ಸಿಜನ್ ಪಕ್ಕದ ಕಾರ್ಬನ್ ಮೇಲಿರೋ ಹೈಡ್ರೋಜನ್ ಸುಲಭವಾಗಿ ಕಿತ್ತು ಹೋಗುತ್ತೆ, ಅಲ್ಲಿ ಗಾಳಿಯ ಆಕ್ಸಿಜನ್ ಬಂದು ಕೂತು ಹೈಡ್ರೋಪೆರಾಕ್ಸೈಡ್ ಆಗುತ್ತೆ, ಬೆಳಕು ಬಿದ್ರೆ ಇನ್ನೂ ಬೇಗ. ಒಂದಾದ್ಮೇಲೆ ಒಂದು ಚೈನ್ ರಿಯಾಕ್ಷನ್ ನಡೀತಾ ಹೋಗುತ್ತೆ. ಬಾಟಲಿಯಲ್ಲಿ ಕಮ್ಮಿ ಪ್ರಮಾಣದಲ್ಲಿ ಕರಗಿ ಕೂತಿರೋವರೆಗೂ ಇದು ಗಲಾಟೆ ಮಾಡಲ್ಲ. ಆದ್ರೆ ಪೆರಾಕ್ಸೈಡು ಟಿಎಚ್‌ಎಫ್‌ನಷ್ಟು ಬೇಗ ಆವಿಯಾಗಲ್ಲ, ನೀವು ಡಿಸ್ಟಿಲ್ ಮಾಡಿದಾಗ, ರೋಟಾವೇಪಲ್ಲಿ ಒಣಗಿಸಿದಾಗ, ಅಥವಾ ಬಾಟಲಿ ತಳದಲ್ಲಿ ಉಳಿದಿದ್ದು ತಾನಾಗೇ ಆರಿ ಹೋದಾಗ ಅದಷ್ಟೂ ತಳದಲ್ಲಿ ಸೇರಿಕೊಳ್ಳುತ್ತೆ, ಆಮೇಲೆ ಬಿಸಿಗೋ ತಿಕ್ಕಾಟಕ್ಕೋ ಹೊಡೆತಕ್ಕೋ ಸಿಡಿಯುತ್ತೆ. ಇದರಲ್ಲೂ ತರತಮ ಇದೆ, ಡೈಐಸೋಪ್ರೊಪೈಲ್ ಈಥರ್ ಥರದ್ದು ಸುಮ್ನೆ ಶೆಲ್ಫಲ್ಲಿ ಕೂತೇ ಅಪಾಯದ ಮಟ್ಟಕ್ಕೆ ಹೋಗುತ್ತೆ, ಟಿಎಚ್‌ಎಫ್, ಡೈಈಥೈಲ್ ಈಥರ್, ಡಯಾಕ್ಸೇನ್ ಇವೆಲ್ಲ ಮುಖ್ಯವಾಗಿ ಗಾಢ ಮಾಡಿದಾಗ ಅಪಾಯ. ಹಾಗಂತ ವರ್ಷಗಟ್ಟಲೆ ಮೂಲೆಯಲ್ಲಿ ಮರೆತ ಟಿಎಚ್‌ಎಫ್ ಬಾಟಲಿ ಸೇಫ್ ಅಂತ ಅಲ್ಲ.

ಇದನ್ನ ತಡೆಯೋಕೆ ಅಂತಾನೇ ಬಿಎಚ್‌ಟಿ ಹಾಕ್ತಾರೆ, ಸಾಮಾನ್ಯವಾಗಿ 250 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ 250) ಆಸುಪಾಸು. ಅದು ಚೈನನ್ನ ಮಧ್ಯದಲ್ಲೇ ತುಂಡು ಮಾಡುತ್ತೆ. ಆದ್ರೆ ಆ ಕೆಲಸ ಮಾಡ್ತಾ ಮಾಡ್ತಾ ತಾನೇ ಖರ್ಚಾಗಿ ಹೋಗುತ್ತೆ, ಯಾವತ್ತು ಖಾಲಿ ಆಯ್ತು ಅಂತ ನೋಡಿ ಹೇಳೋಕಾಗಲ್ಲ. ಇನ್ನೊಂದು ವಿಷಯ ಹೊಸಬರಿಗೆ ಹೊಳೆಯಲ್ಲ, ಬಿಎಚ್‌ಟಿ ಕುದಿಯೋದು 265 ಡಿಗ್ರಿಗೆ, ನೀವು ಟಿಎಚ್‌ಎಫ್ ಡಿಸ್ಟಿಲ್ ಮಾಡಿದ್ರೆ ಅದು ಕೆಳಗಿನ ಫ್ಲಾಸ್ಕಲ್ಲೇ ಉಳಿಯುತ್ತೆ, ಮೇಲೆ ಹಿಡಿದುಕೊಂಡ ಶುದ್ಧ ಟಿಎಚ್‌ಎಫಿಗೆ ಯಾವ ಕಾವಲೂ ಇರಲ್ಲ. ಹಾಗಾಗಿ ಲ್ಯಾಬಲ್ಲಿ ಎಲ್ಲಕ್ಕಿಂತ ಜಾಸ್ತಿ ಕಣ್ಣಿಡಬೇಕಾದ ಟಿಎಚ್‌ಎಫ್ ಅಂದ್ರೆ ಯಾರೋ ಡಿಸ್ಟಿಲ್ ಮಾಡಿ ಸ್ಟಾಪರ್ ಹಾಕಿ ಪೆನ್ಸಿಲಲ್ಲಿ 'ಡ್ರೈ' (ನೀರು ತೆಗೆದದ್ದು) ಅಂತ ಬರೆದಿಟ್ಟು ಕೋರ್ಸ್ ಮುಗಿಸಿ ಹೋಗಿರ್ತಾರಲ್ಲ, ಆ ಫ್ಲಾಸ್ಕು.

ಲೇಬಲ್‌ಗೆ ಎರಡು ಸ್ಟಾರ್ ಕೊಟ್ಟಿದ್ದು ಇಲ್ಲೇ ನೋಡಿ. ಲೇಬಲ್ ಮೇಲೆ ಜ್ವಾಲೆಯ ಚಿತ್ರ ಇದೆ, ಆಶ್ಚರ್ಯಸೂಚಕ ಇದೆ, ಎದೆಯಲ್ಲಿ ನಕ್ಷತ್ರ ಒಡೆದಿರೋ ಮನುಷ್ಯನ ಚಿತ್ರ ಇದೆ, ಎಚ್225 ಇಂದ ಹಿಡಿದು ಎಚ್351 ತನಕ ಅಪಾಯ ಹೇಳೋ ಕೋಡುಗಳೆಲ್ಲ ಇವೆ. 'ಸ್ಫೋಟಕ ಪೆರಾಕ್ಸೈಡ್ ಆಗಬಹುದು' ಅನ್ನೋ ಎಚ್ಚರಿಕೆ ಇದೆ, ಆದ್ರೆ ಅದಕ್ಕೆ ಚಿತ್ರ ಇಲ್ಲ, ಕೋಡುಗಳ ಸಾಲಿನ ಕೊನೇಲಿ ಇರುವೆ ಗಾತ್ರದ ಅಕ್ಷರದಲ್ಲಿ ಇಯುಎಚ್019 ಅಂತ. ಎಕ್ಸ್‌ಪೈರಿ ಡೇಟ್ ದೊಡ್ಡದಾಗಿ ಹಾಕಿದಾರೆ, ಅದು ಸೀಲ್ ಒಡೆಯದ ಬಾಟಲಿಗೆ. ನಮಗೆ ಬೇಕಾಗಿರೋದು ತೆರೆದ ದಿನಾಂಕ, ಟೆಸ್ಟ್ ಮಾಡಿದ ದಿನಾಂಕ, ಪೆರಾಕ್ಸೈಡ್ ಎಷ್ಟು ಬಂತು, ಯಾರು ನೋಡಿದ್ರು ಅಂತ ಬರೆಯೋ ನಾಲ್ಕು ಖಾಲಿ ಗೆರೆ. ಅದಕ್ಕೆ ಜಾಗವೇ ಇಲ್ಲ, ಲೇಬಲ್‌ನ ಮೇಲ್ಮೈ ಬೇರೆ ನುಣುಪು, ಪೆನ್ನಲ್ಲಿ ಬರೆದ್ರೆ ಒಂದೆರಡು ಹನಿ ಟಿಎಚ್‌ಎಫ್ ಸೋರಿದ ಕೂಡ್ಲೇ ಇಂಕು ಅಳಿಸಿ ಹೋಗುತ್ತೆ. ಪರ್ಮನೆಂಟ್ ಮಾರ್ಕರೂ ಅಷ್ಟೇ, ಟಿಎಚ್‌ಎಫ್ ಮುಂದೆ ಅದು ಪರ್ಮನೆಂಟ್ ಅಲ್ಲ. ನಾವು ಚೀಟಿಯಲ್ಲಿ ಪೆನ್ಸಿಲಿಂದ ಬರೆದು ಬಾಟಲಿ ಕುತ್ತಿಗೆಗೆ ದಾರದಲ್ಲಿ ಕಟ್ಟಿದೀವಿ. ಇಷ್ಟು ದೊಡ್ಡ ಕಂಪನಿಗಳಿಗೆ ಇದೊಂದು ಹೊಳೆಯಲ್ವಾ ಅನ್ಸುತ್ತೆ.

ಟೆಸ್ಟಿಂಗ್ ಬಗ್ಗೆ ಸ್ವಲ್ಪ ಜಾಸ್ತಿನೇ ಬರೀತೀನಿ, ಯಾಕಂದ್ರೆ ಪೆರಾಕ್ಸೈಡ್ ಇದ್ಯಾ ಅಂತ ತೋರಿಸೋ ಸ್ಟ್ರಿಪ್ ಇಟ್ಟುಕೊಂಡಿರೋ ಲ್ಯಾಬಲ್ಲೂ ಅದನ್ನ ತಪ್ಪಾಗಿ ಬಳಸೋರು ಇದಾರೆ. ಪೆರಾಕ್ಸೈಡ್ ಸ್ಟ್ರಿಪ್ ಕೆಲಸ ಮಾಡೋದು ಎನ್‌ಜೈಮಿಂದ, ಎನ್‌ಜೈಮಿಗೆ ನೀರು ಬೇಕು. ಟಿಎಚ್‌ಎಫಲ್ಲಿ ಅದ್ದಿ ತೆಗೆದು ತಕ್ಷಣ ಬಣ್ಣ ನೋಡಿ 'ಬಿಳಿ ಇದೆ, ಓಕೆ' ಅಂದ್ರೆ ಅದು ಟೆಸ್ಟೇ ಅಲ್ಲ. ಒಂದು ಸೆಕೆಂಡ್ ಅದ್ದಿ, ತೆಗೆದು, ಸಾಲ್ವೆಂಟ್ ಪೂರ್ತಿ ಆರೋಕೆ ಬಿಟ್ಟು, ಆಮೇಲೆ ಒಂದು ಹನಿ ನೀರು ಹಾಕಬೇಕು, ಅಥವಾ ಬಾಯಿಂದ ಮೂರ್ನಾಲ್ಕು ಸಲ ಆವಿ ಊದಬೇಕು, ಆಗ ಪೆರಾಕ್ಸೈಡ್ ಇದ್ರೆ ನೀಲಿ ಆಗುತ್ತೆ, ಎಷ್ಟು ಕಾಯ್ಬೇಕು ಅನ್ನೋದು ಡಬ್ಬಿ ಮೇಲೇ ಇರುತ್ತೆ. ಸ್ಟ್ರಿಪ್‌ಗೂ ಎಕ್ಸ್‌ಪೈರಿ ಇದೆ, ಫ್ರಿಜ್ಜಲ್ಲಿ ಇಡಬೇಕು, ಮುಚ್ಚಳ ತೆಗೆದಿಟ್ರೆ ಸತ್ತು ಹೋಗುತ್ತೆ. ಸ್ಟ್ರಿಪ್ ಮೇಲೆ ಅನುಮಾನ ಬಂದ್ರೆ ತುಂಬಾ ತೆಳು ಮಾಡಿದ ಹೈಡ್ರೋಜನ್ ಪೆರಾಕ್ಸೈಡಲ್ಲಿ ಒಂದು ಅದ್ದಿ ನೋಡಿ, ನೀಲಿ ಬರಲಿಲ್ಲ ಅಂದ್ರೆ ಡಬ್ಬಿ ಬಿಸಾಕಿ. ಸ್ಟ್ರಿಪ್ ಇಲ್ಲ ಅಂದ್ರೆ ಹಳೇ ವಿಧಾನ ಇದ್ದೇ ಇದೆ, ಒಂದು ಎಂಎಲ್ ಗ್ಲೇಶಿಯಲ್ ಅಸಿಟಿಕ್ ಆಸಿಡ್ಡಿಗೆ ಚಿಟಿಕೆ ಪೊಟ್ಯಾಶಿಯಂ ಅಯೋಡೈಡ್ ಹಾಕಿ ಅಷ್ಟೇ ಟಿಎಚ್‌ಎಫ್ ಸೇರಿಸೋದು, ತಿಳಿ ಹಳದಿ ಬಂದ್ರೆ ಸ್ವಲ್ಪ ಇದೆ, ಗಾಢ ಹಳದಿ ಅಥವಾ ಕಂದು ಬಂದ್ರೆ ಜಾಸ್ತಿ ಇದೆ ಅಂತ. ಪಕ್ಕದಲ್ಲಿ ಟಿಎಚ್‌ಎಫ್ ಇಲ್ಲದ ಒಂದು ಬ್ಲಾಂಕ್ ಇಟ್ಟುಕೊಳ್ಳಿ, ಹಳೇ ಅಯೋಡೈಡ್ ತಾನೇ ಹಳದಿಗೆ ತಿರುಗಿರುತ್ತೆ.

ರೀಡಿಂಗ್ ಬಂದ್ಮೇಲೆ ಏನು ಮಾಡೋದು? ತುಂಬಾ ಲ್ಯಾಬುಗಳು ಪಾಲಿಸೋ ಲೆಕ್ಕ ಏನಂದ್ರೆ 25 ಪಿಪಿಎಂ ಒಳಗಿದ್ರೆ ಮಾಮೂಲಿ ಬಳಕೆಗೆ ಪರವಾಗಿಲ್ಲ, 25ರಿಂದ 100ರ ಮಧ್ಯೆ ಇದ್ರೆ ಡಿಸ್ಟಿಲ್ ಮಾಡೋದು, ಗಾಢ ಮಾಡೋದು ಬೇಡ, 100 ದಾಟಿದ್ರೆ ಬಳಸೋದೇ ಬೇಡ, ಸೇಫ್ಟಿಯವರಿಗೆ ಹೇಳಿ ಕಳಿಸಿಬಿಡೋದು. ನನ್ನ ಅಭಿಪ್ರಾಯ ಕೇಳಿದ್ರೆ ಒಣಗಿಸೋ ಯೋಚನೆ ಇದ್ದೋರು 25 ಪಿಪಿಎಂ ಅನ್ನೋದನ್ನೂ ಉದಾರ ಅಂತ್ಲೇ ಅಂದ್ಕೊಳ್ಳಿ, ಒಂದು ಲೀಟರ್ ಒಣಗಿಸಿ ಕೊನೇಲಿ ಐದು ಎಂಎಲ್ ಉಳಿಸಿದ್ರೆ ಆ ಐದರಲ್ಲಿ 25 ಅಲ್ಲ, ಇನ್ನೂರು ಪಟ್ಟು ಇರುತ್ತೆ, 5000. ಎಷ್ಟು ದಿನಕ್ಕೊಮ್ಮೆ ನೋಡ್ಬೇಕು ಅನ್ನೋದರಲ್ಲಿ ಒಬ್ಬೊಬ್ಬರದ್ದು ಒಂದೊಂದು ನಿಯಮ, ಮೂರು ತಿಂಗಳು ಅನ್ನೋರಿದಾರೆ, ಆರು ಅನ್ನೋರಿದಾರೆ. ನಾನು ಹೇಳೋದು ಡಿಸ್ಟಿಲ್ ಅಥವಾ ಒಣಗಿಸೋ ಕೆಲಸ ಇದ್ದಾಗ ಅವತ್ತೇ ನೋಡಿ, ಚೀಟಿಯಲ್ಲಿ ಏನೇ ಬರೆದಿರಲಿ.

ಮುಚ್ಚಳದ ಸುತ್ತ ಬಿಳೀ ಪುಡಿ ಕಟ್ಟಿಕೊಂಡಿದ್ರೆ, ಒಳಗೆ ಹರಳು ಕಂಡ್ರೆ, ತಳದಲ್ಲಿ ಅಂಟಂಟು ದ್ರವದ ಪದರ ಇದ್ರೆ, ಅಥವಾ ಯಾವ ಕಾಲದ್ದೋ ಗೊತ್ತೇ ಇಲ್ಲ ಅಂದ್ರೆ, ಟೆಸ್ಟ್ ಮಾಡ್ತೀನಿ ಅಂತ ಮುಚ್ಚಳ ತಿರುಗಿಸೋಕೆ ಹೋಗಲೇಬೇಡಿ. ಸಿಡಿಯೋಕೆ ಮುಚ್ಚಳದ ತಿರುಪಿನ ತಿಕ್ಕಾಟವೇ ಸಾಕು. ಅಲುಗಾಡಿಸಬೇಡಿ, ಎತ್ತಿ ಬೆಳಕಿಗೆ ಹಿಡಿದು ನೋಡಬೇಡಿ, ಬೇರೆಯವರನ್ನ ದೂರ ಕಳಿಸಿ, ಗೊತ್ತಿರೋರನ್ನ ಕರೆಸಿ.

ಪೆರಾಕ್ಸೈಡ್ ತೆಗೆದು ಮತ್ತೆ ಬಳಸೋಣ ಅನ್ನೋ ಉಳಿತಾಯದ ಐಡಿಯಾ ಬರುತ್ತಲ್ಲ, ಅದಕ್ಕೂ ಒಂದು ಮಾತು. ಡೈಈಥೈಲ್ ಈಥರನ್ನ ಫೆರಸ್ ಸಲ್ಫೇಟ್ ನೀರಲ್ಲಿ ತೊಳೆದ ಹಾಗೆ ಇದನ್ನ ತೊಳೆಯೋಕಾಗಲ್ಲ, ಇದು ನೀರಲ್ಲೇ ಬೆರೆತು ಹೋಗುತ್ತೆ, ಬೇರೆ ಪದರವೇ ಬರಲ್ಲ. ಆಕ್ಟಿವೇಟೆಡ್ ಅಲ್ಯುಮಿನಾ ಕಾಲಂ ಮೂಲಕ ಬಿಟ್ರೆ ಕಮ್ಮಿ ಮಟ್ಟದ ಪೆರಾಕ್ಸೈಡ್ ಹಿಡಿದುಕೊಳ್ಳುತ್ತೆ, ಜೊತೆಗೆ ಬಿಎಚ್‌ಟಿಯನ್ನೂ ಹಿಡಿಯುತ್ತೆ, ಅಂದ್ರೆ ಹೊರಗೆ ಬಂದಿದ್ದು ಮತ್ತೆ ಕಾವಲಿಲ್ಲದ್ದು, ಅವತ್ತೇ ಬಳಸ್ಬೇಕು. ಆ ಅಲ್ಯುಮಿನಾನ ಒಣಗೋಕೆ ಬಿಟ್ಟು ಕಸದ ಬುಟ್ಟಿಗೆ ಹಾಕೋ ಹಾಗೂ ಇಲ್ಲ. ಇನ್ನು ಕಾಸ್ಟಿಕ್ ಪೊಟ್ಯಾಶ್ ಹಾಕಿ ಡ್ರೈ ಮಾಡೋದು ಅಂತ ಹಳೇ ನೋಟ್‌ಬುಕ್ಕುಗಳಲ್ಲಿ ಸಿಗುತ್ತೆ, ಪೆರಾಕ್ಸೈಡ್ ಇರೋ ಟಿಎಚ್‌ಎಫಿಗೆ ಹಾಗೆ ಮಾಡಿ ಸ್ಫೋಟ ಆದ ಪ್ರಕರಣಗಳು ದಾಖಲಾಗಿವೆ, ದಯವಿಟ್ಟು ಬೇಡ. ನೀರು ತೆಗೆಯೋಕೆ ಓಡಿಸೋ ಸೋಡಿಯಂ-ಬೆಂಜೋಫಿನೋನ್ ಸ್ಟಿಲ್ಲಿನ ಆ ಗಾಢ ನೀಲಿ-ನೇರಳೆ ಬಣ್ಣ ನೋಡೋಕೆ ಚೆಂದ, ಒಪ್ತೀನಿ, ಆದ್ರೆ ಕುದಿಯೋ ಸಾಲ್ವೆಂಟು, ಸೋಡಿಯಂ, ಕಂಡೆನ್ಸರಿನ ನೀರು ಮೂರನ್ನೂ ಒಂದೇ ಹುಡ್ಡಲ್ಲಿ ಇಟ್ಟುಕೊಂಡು ರಾತ್ರಿಯಿಡೀ ಓಡಿಸೋದು ಈಗ ಅಗತ್ಯ ಇಲ್ಲ, 3 ಆಂಗ್‌ಸ್ಟ್ರಾಮ್ ಮಾಲಿಕ್ಯುಲರ್ ಸೀವ್ಸ್ (ನೀರು ಹೀರೋ ಗುಳಿಗೆ) ಚೆನ್ನಾಗಿ ಕಾಯಿಸಿ ಆಕ್ಟಿವೇಟ್ ಮಾಡಿ ಹಾಕಿ ಒಂದೆರಡು ದಿನ ಬಿಟ್ರೆ ಹೆಚ್ಚಿನ ರಿಯಾಕ್ಷನ್ನಿಗೆ ಸಾಕಾಗುವಷ್ಟು ಡ್ರೈ ಆಗುತ್ತೆ.

ಬೆಂಕಿ ವಿಷಯ. ಫ್ಲಾಶ್ ಪಾಯಿಂಟ್ ಮೈನಸ್ 14 ಡಿಗ್ರಿ ಸುತ್ತಮುತ್ತ, ಅಂದ್ರೆ ಬಾಟಲಿ ತೆರೆದಿದ್ದಷ್ಟೂ ಹೊತ್ತು ಹೊತ್ತಿಕೊಳ್ಳೋಕೆ ತಯಾರು. ಗಾಳಿಯಲ್ಲಿ ಶೇಕಡಾ 2ರಿಂದ ಸುಮಾರು 12ರವರೆಗೆ ಇದ್ರೆ ಉರಿಯುತ್ತೆ. ಆವಿ ಗಾಳಿಗಿಂತ ಎರಡೂವರೆ ಪಟ್ಟು ಭಾರ, ಚೆಲ್ಲಿದ ನೀರು ಇಳಿಜಾರು ಹುಡುಕಿಕೊಂಡು ಹೋಗೋ ಹಾಗೆ ಬೆಂಚಿನ ಮೇಲೆ ಹರಿದು ಅಂಚಿಂದ ಕೆಳಗಿಳಿದು ದೂರದ ಹಾಟ್ ಪ್ಲೇಟೋ ಸ್ವಿಚ್ಚೋ ಸಿಕ್ಕಿದ್ರೆ ಅಲ್ಲಿ ಹೊತ್ತಿ ವಾಪಸ್ ಬಾಟಲಿ ತನಕ ಬರುತ್ತೆ. ಕಿಡಿಯೇ ಬೇಕು ಅಂತಿಲ್ಲ, 321 ಡಿಗ್ರಿಗೆ ತಾನಾಗೇ ಹೊತ್ತಿಕೊಳ್ಳುತ್ತೆ, ಹಾಟ್ ಪ್ಲೇಟ್ ಫುಲ್ ಇಟ್ರೆ ಮೇಲ್ಮೈ ಅಷ್ಟು ಬಿಸಿ ಆಗೋದು ಕಷ್ಟ ಏನಲ್ಲ. ಮಾಮೂಲಿ ಮನೆ ಫ್ರಿಜ್ಜಲ್ಲಿ ಇಡೋದೂ ತಪ್ಪು, ಒಳಗೆ ಥರ್ಮೋಸ್ಟಾಟ್ ಇದೆ, ಬಲ್ಬ್ ಇದೆ, ಕಿಡಿ ಬರುತ್ತೆ, ಅಷ್ಟು ಮಾಡಿದ್ರೂ ತಣ್ಣಗಿಟ್ಟ ಮಾತ್ರಕ್ಕೆ ಪೆರಾಕ್ಸೈಡ್ ಆಗೋದು ನಿಲ್ಲಲ್ಲ. ಫ್ಲೇಮಬಲ್ ಕಪಾಟು, ಕತ್ತಲೆ, ತಂಪು ಜಾಗ, ಆಕ್ಸಿಡೈಸರಿಂದ ದೂರ, ಬಳಸಿದ ಮೇಲೆ ಸ್ವಲ್ಪ ನೈಟ್ರೋಜನ್ನೋ ಆರ್ಗಾನೋ ಬಿಟ್ಟು ಮುಚ್ಚೋದು, ಇಷ್ಟು ಮಾಡಿ. ಮೆಟಲ್ ಡ್ರಮ್ಮಿಂದ ಮೆಟಲ್ ಕ್ಯಾನಿಗೆ ಬಗ್ಗಿಸೋರು ಎರಡನ್ನೂ ವೈರಲ್ಲಿ ಜೋಡಿಸಿ ಅರ್ತ್ ಮಾಡ್ಕೊಳ್ಳಿ. ಬೆಂಕಿ ಬಿದ್ರೆ ಡ್ರೈ ಪೌಡರ್ ಅಥವಾ ಕಾರ್ಬನ್ ಡೈಆಕ್ಸೈಡ್. ನೀರಲ್ಲಿ ಬೆರೆಯೋ ಸಾಲ್ವೆಂಟ್ ಆದ್ರಿಂದ ಮಾಮೂಲಿ ಫೋಮ್ ಒಡೆದು ಹೋಗುತ್ತೆ, ಆಲ್ಕೋಹಾಲಿಗೆ ತಡೆಯೋ ಫೋಮೇ ಬೇಕು.

ಗ್ಲೌಸು. ಇದನ್ನ ಓದಿ ಬೇಜಾರಾದ್ರೂ ಪರವಾಗಿಲ್ಲ, ನೀಲಿ ನೈಟ್ರೈಲ್ ಗ್ಲೌಸ್ ಟಿಎಚ್‌ಎಫಿಗೆ ಇದ್ದೂ ಇಲ್ಲದ ಹಾಗೆ. ತೆಳುವಾದ ಡಿಸ್ಪೋಸಬಲ್ ಆದ್ರೆ ಕೆಲವೇ ನಿಮಿಷದೊಳಗೆ ಒಳಗೆ ಬಂದುಬಿಡುತ್ತೆ, ಲೇಟೆಕ್ಸೂ ಅಷ್ಟೇ. ಹನಿ ಬಿತ್ತಾ, ತಕ್ಷಣ ಬಿಚ್ಚಿ ಕೈ ತೊಳೆದು ಹೊಸದು ಹಾಕಿ, ಅಷ್ಟಕ್ಕೆ ಮಾತ್ರ ಅದು. ಲೀಟರ್‌ಗಟ್ಟಲೆ ಬಗ್ಗಿಸೋದು, ಚೆಲ್ಲಿದ್ದು ಒರೆಸೋದು ಅಂದ್ರೆ ಪದರ ಪದರವಾಗಿ ಮಾಡಿದ ಲ್ಯಾಮಿನೇಟ್ ಗ್ಲೌಸ್ ಹಾಕಿ ಅದರ ಮೇಲೆ ನೈಟ್ರೈಲ್ ಹಾಕಿದ್ರೆ ಹಿಡಿತವೂ ಇರುತ್ತೆ. ಈ ಬಾಟಲಿ ಜೊತೆ ಬಂದ ಸೇಫ್ಟಿ ಡೇಟಾ ಶೀಟಲ್ಲಿ ಎಂಟನೇ ಸೆಕ್ಷನ್ ತೆಗೆದು ನೋಡಿದ್ರೆ 'ಸೂಕ್ತವಾದ ಗ್ಲೌಸ್ ಧರಿಸಿ' ಅಂತ ಇದೆ. ಯಾವುದು ಸೂಕ್ತ ಅಂತ ಹೇಳೋಕೆ ತಾನೇ ಸ್ವಾಮಿ ಆ ಸೆಕ್ಷನ್ ಇರೋದು! ಅರ್ಧ ಸ್ಟಾರ್ ಇದಕ್ಕೇ ಕಟ್.

ಮೈಗೆ ಏನು ಮಾಡುತ್ತೆ ಅಂದ್ರೆ ಕಣ್ಣು ಮೂಗು ಉರಿ, ತಲೆ ಸುತ್ತು, ತಲೆನೋವು, ಮಂಪರು, ಚರ್ಮದ ಎಣ್ಣೆ ಪಸೆಯೆಲ್ಲ ಎಳೆದು ಬಿರುಕು ಬಿಡಿಸೋದು. ಎಚ್351 ಅಂದ್ರೆ ಕ್ಯಾನ್ಸರ್ ತರಬಹುದು ಅನ್ನೋ ಶಂಕೆ ಇದೆ ಅಂತ, ಖಚಿತ ಅಂತ ಅಲ್ಲ. ಗಾಳಿಯಲ್ಲಿ ಎಷ್ಟಿರಬಹುದು ಅನ್ನೋದಕ್ಕೆ ಅಮೆರಿಕದ ಕೆಲಸದ ಜಾಗದ ಸುರಕ್ಷತಾ ಸಂಸ್ಥೆ ಓಶಾದ ಮಿತಿ ಎಂಟು ಗಂಟೆಗೆ ಸರಾಸರಿ 200 ಪಿಪಿಎಂ, ಕೈಗಾರಿಕಾ ಆರೋಗ್ಯ ತಜ್ಞರ ಸಂಘ ಎಸಿಜಿಐಎಚ್‌ನವರು ಹೇಳೋದು 50, ಜೊತೆಗೆ ಚರ್ಮದ ಮೂಲಕವೂ ಒಳಗೆ ಹೋಗುತ್ತೆ ಅನ್ನೋ ಟಿಪ್ಪಣಿ. ಕಮ್ಮಿ ಇರೋದನ್ನೇ ಪಾಲಿಸಿ, ಫ್ಯೂಮ್ ಹುಡ್ಡಲ್ಲೇ ಕೆಲಸ ಮಾಡಿ. ಕಣ್ಣಿಗೆ ಬಿದ್ರೆ 15 ನಿಮಿಷ ಐವಾಶಲ್ಲಿ ರೆಪ್ಪೆ ಬಿಡಿಸಿ ಹಿಡಿದು ತೊಳೆದು ಡಾಕ್ಟರ್ ಹತ್ರ ಹೋಗೋದು.

ಗ್ರೇಡ್ ಯಾವುದು ತಗೊಳ್ಬೇಕು ಅಂತ ಕೇಳೋರಿಗೆ: ಬಿಎಚ್‌ಟಿ ಇರೋದ್ರಿಂದ ಕಿರಿಕಿರಿಯೂ ಇದೆ, ಸುಳ್ಳಲ್ಲ. ಲೆಕ್ಕ ಹಾಕಿ, ಒಂದು ಲೀಟರ್ ಟಿಎಚ್‌ಎಫ್ ತೂಕ 889 ಗ್ರಾಂ, 250 ಪಿಪಿಎಂ ಅಂದ್ರೆ ಅದರಲ್ಲಿ ಸುಮಾರು 220 ಮಿಲಿಗ್ರಾಂ ಬಿಎಚ್‌ಟಿ. ನಿಮ್ಮ ಪ್ರಾಡಕ್ಟ್ 50 ಮಿಲಿಗ್ರಾಂ ಇದ್ದು ಅದನ್ನ ಒಂದು ಲೀಟರಿಂದ ಒಣಗಿಸಿದ್ರೆ ಫ್ಲಾಸ್ಕಲ್ಲಿ ಪ್ರಾಡಕ್ಟಿಗಿಂತ ಬಿಎಚ್‌ಟಿನೇ ನಾಲ್ಕು ಪಟ್ಟು ಜಾಸ್ತಿ, ಎನ್‌ಎಂಆರಲ್ಲಿ (ಅಣುವಿನ ರಚನೆ ನೋಡೋ ಟೆಸ್ಟ್) 1.43ರಲ್ಲಿ ಎತ್ತರಕ್ಕೆ ಒಂದು ಪೀಕು, 2.27, 6.98ರಲ್ಲಿ ಇನ್ನೆರಡು, ಗೈಡ್ ಏನಿದು ಅಂತ ಕೇಳ್ತಾರೆ. 280 ನ್ಯಾನೋಮೀಟರ್ ಆಸುಪಾಸಲ್ಲಿ ಯುವಿಯನ್ನೂ ಹೀರುತ್ತೆ, ಹಾಗಾಗಿ ಎಚ್‌ಪಿಎಲ್‌ಸಿ ಗ್ರೇಡಲ್ಲಿ ಬಿಎಚ್‌ಟಿ ಹಾಕಲ್ಲ. ಅದನ್ನ ತರಿಸೋರು ಚಿಕ್ಕ ಬಾಟಲಿ ತರಿಸಿ ಬೇಗ ಮುಗಿಸಿ, ರಿಸರ್ವಾಯರ್ ಮೇಲೆ ನೈಟ್ರೋಜನ್ ಇಡಿ, ಮತ್ತೆ ಇನ್‌ಸ್ಟ್ರುಮೆಂಟ್ ಕೆಳಗೆ ಕೂತಿರೋ ವೇಸ್ಟ್ ಕ್ಯಾನ್ ಮರೀಬೇಡಿ, ಕಾವಲಿಲ್ಲದ ಟಿಎಚ್‌ಎಫ್ ಗಾಳಿ ಜೊತೆ ವಾರಗಟ್ಟಲೆ ಕೂರೋ ಜಾಗ ಅದೇ. ರಿಫ್ರ್ಯಾಕ್ಟಿವ್ ಇಂಡೆಕ್ಸ್ ಡಿಟೆಕ್ಟರ್ ಇರೋ ಜಿಪಿಸಿಯವರು ಬಿಎಚ್‌ಟಿ ಇರೋದನ್ನೇ ಹಾಕಬಹುದು.

ವೇಸ್ಟ್ ಸಿಂಕಿಗೆ ಸುರಿಯೋ ಮಾತೇ ಇಲ್ಲ, ಡ್ರೈನಲ್ಲಿ ಆವಿ ತುಂಬುತ್ತೆ, ಪೈಪ್ ಪಿವಿಸಿ ಆಗಿದ್ರೆ ಅದೂ ಹೋಯ್ತು. ಹ್ಯಾಲೋಜನ್ ಇಲ್ಲದ ಸಾಲ್ವೆಂಟ್ ಕ್ಯಾನಿಗೆ ಹಾಕಿ, ನೈಟ್ರಿಕ್ ಆಸಿಡ್ ಥರದ್ದು ಅದರ ಹತ್ರಾನೂ ಸುಳಿಯಬಾರದು. ಖಾಲಿ ಬಾಟಲಿ ಅಂತ ಸದರ ಬೇಡ, ಒಳಗೆ ಆವಿ ತುಂಬಿರುತ್ತೆ.

ಬದಲಿ ಏನಾದ್ರೂ ಇದ್ಯಾ ಅಂದ್ರೆ 2-ಮೀಥೈಲ್ ಟಿಎಚ್‌ಎಫ್ ಇದೆ, 80 ಡಿಗ್ರಿಗೆ ಕುದಿಯುತ್ತೆ, ನೀರಲ್ಲಿ ಪೂರ್ತಿ ಬೆರೆಯಲ್ಲ ಆದ್ರಿಂದ ವರ್ಕಪ್ (ರಿಯಾಕ್ಷನ್ ಮುಗಿದ ಮೇಲೆ ಪ್ರಾಡಕ್ಟ್ ಬೇರ್ಪಡಿಸೋದು) ಸಲೀಸು, ಆದ್ರೆ ಪೆರಾಕ್ಸೈಡ್ ಅದರಲ್ಲೂ ಆಗುತ್ತೆ. ಸೈಕ್ಲೋಪೆಂಟೈಲ್ ಮೀಥೈಲ್ ಈಥರಲ್ಲಿ ಪೆರಾಕ್ಸೈಡ್ ತುಂಬಾ ನಿಧಾನ, ಆದ್ರೆ 106ಕ್ಕೆ ಕುದಿಯೋದ್ರಿಂದ ಒಣಗಿಸೋಕೆ ತಾಳ್ಮೆ ಬೇಕು, ಗ್ರಿನ್ಯಾರ್ಡ್ ಮಾಡೋರು ಒಮ್ಮೆ ಟ್ರೈ ಮಾಡಬಹುದು.

ಕೊನೇದಾಗಿ ಸೈಜ್ ಬಗ್ಗೆ. ದಿನಾ ಬಳಸೋ ದೊಡ್ಡ ಗ್ರೂಪಿಗೆ 2.5 ಲೀಟರ್ ಸರಿ. ತಿಂಗಳಿಗೆ ನೂರಿನ್ನೂರು ಎಂಎಲ್ ಬಳಸೋರು ಲೀಟರ್ ಲೆಕ್ಕದಲ್ಲಿ ಅಗ್ಗ ಅಂತ ದೊಡ್ಡದು ತರಿಸಿದ್ರೆ ಅರ್ಧ ಮುಗಿಯೋ ಹೊತ್ತಿಗೆ ಮಿಕ್ಕರ್ಧ ಹಳತಾಗಿ ವೇಸ್ಟಿಗೆ ಹೋಗುತ್ತೆ, ವಿಲೇವಾರಿ ಖರ್ಚು ಬೇರೆ. ಅಂಥವರು 500 ಎಂಎಲ್ ತಗೊಳ್ಳಿ, ಜೊತೆಗೆ ಒಂದು ಡಬ್ಬಿ ಪೆರಾಕ್ಸೈಡ್ ಸ್ಟ್ರಿಪ್ಪನ್ನೂ ಅದೇ ಆರ್ಡರಲ್ಲಿ ಸೇರಿಸಿಬಿಡಿ.